ಒಂದು ಗಂಟು, ಏಳು ತೂಕ

ಆರೋಗ್ಯ ಇಲಾಖೆಯ ಮೂರನೆಯ ಮಹಡಿಯಲ್ಲಿ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಬಳಕೆಯಲ್ಲಿತ್ತು. ಉಳಿದಂತೆ ಎಲ್ಲರಿಗೂ ಆಕೆ ದಶಾಂಶ ಮೇಡಂ. ಅಂಕಿಅಂಶ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದ ಆಕೆ ಬಿಂದುವಿನ ಮುಂದೆ ಎರಡು ಅಂಕಿಯಿಲ್ಲದ ಸಂಖ್ಯೆಯನ್ನು ತನ್ನ ಮೇಜಿನಿಂದಾಚೆ ಬಿಟ್ಟವಳಲ್ಲ. ಕ್ಯಾಂಟೀನಿನಲ್ಲಿ ಯಾರಾದರೂ ಅರ್ಧ ಲೋಟ ಚಹಾ ಕೇಳಿದರೆ, "ಸೊನ್ನೆ ಬಿಂದು ಐದು ಸೊನ್ನೆ ಅಂತ ಬರ್ಕೊಳ್ಳಿ ಮೇಡಂ" ಎಂದು ಪಕ್ಕದವರು ಕಾಲೆಳೆಯುತ್ತಿದ್ದರು. ಆಕೆ ನಗುತ್ತಿದ್ದಳು. ಆ ಹೆಸರಿನಲ್ಲಿ ಒಂದಿಷ್ಟು ಮರ್ಯಾದೆಯೂ ಇದೆಯೆಂಬುದು ಆಕೆಗೆ ಗೊತ್ತಿತ್ತು.

ಒಂದು ಸೋಮವಾರ ನಿರ್ದೇಶಕರು ಆಕೆಯನ್ನು ಕರೆಸಿದರು. ಊರಿನಲ್ಲಿ ಇಲಾಖೆಯ ಆಸ್ಪತ್ರೆಗಳು ಏಳು. ಏಳಕ್ಕೂ ಒಂದೊಂದು ಲಾಂಡ್ರಿ. ಹಾಸಿಗೆಯ ಚಾದರ, ದಿಂಬಿನ ಚೀಲ, ಶಸ್ತ್ರಚಿಕಿತ್ಸೆಯ ಹಸಿರು ಅಂಗಿ, ಎಲ್ಲವೂ ಅಲ್ಲೇ ಒಗೆಸಿಕೊಂಡು, ಒಣಗಿ, ಮಡಿಕೆಯಾಗಿ ವಾರ್ಡಿಗೆ ಮರಳಬೇಕು.

"ಏಳನ್ನೂ ದಕ್ಷತೆ ಪ್ರಕಾರ ಸಾಲಾಗಿ ನಿಲ್ಸಿ," ಎಂದರು ನಿರ್ದೇಶಕರು. "ಮೊದಲನೇದು ಮಾದರಿ. ಮಿಕ್ಕವರಿಗೆ ಅದನ್ನ ನೋಡಿ ಗುರಿ ಕೊಡೋಣ. ಕೊನೇದನ್ನ ಮುಚ್ಚಿ, ಅಲ್ಲಿರೋರನ್ನ ಬೇರೆ ಕಡೆ ಹಂಚೋಣ. ಮೂರು ವಾರ ಸಾಕಲ್ವಾ?"

"ಎರಡು ಸಾಕು ಸರ್."

ಆಕೆ ಹೇಳಿದ್ದರಲ್ಲಿ ಜಂಬವಿರಲಿಲ್ಲ. ಪ್ರತಿ ಲಾಂಡ್ರಿಯೂ ತಿಂಗಳು ತಿಂಗಳು ಒಂದು ಹಾಳೆ ಕಳಿಸುತ್ತಿತ್ತು: ಎಷ್ಟು ಜನ, ಎಷ್ಟು ನೀರು, ಎಷ್ಟು ಸೋಪು, ಎಷ್ಟು ಕಿಲೋ ಬಟ್ಟೆ. ಮೂರು ವರ್ಷದ ಹಾಳೆಗಳು ಕಪಾಟಿನಲ್ಲಿದ್ದವು. ಅವನ್ನು ಕೂಡಿಸಿ ಭಾಗಿಸಿದರೆ ಆಯಿತು. ಒಂಬತ್ತನೆಯ ದಿನವೇ ಪಟ್ಟಿ ಸಿದ್ಧವಾಯಿತು. ಹೊಸ ದೊಡ್ಡಾಸ್ಪತ್ರೆಯ ಲಾಂಡ್ರಿ ಮೊದಲು, ಅದಕ್ಕೆ ಪೂರ್ತಿ ಅಂಕ, 1.00. ಕಣ್ಣಿನ ಆಸ್ಪತ್ರೆಯದು ಮೂರನೆಯದು. ಹಳೆಯ ಹೆರಿಗೆ ಆಸ್ಪತ್ರೆಯದು ಕಟ್ಟಕಡೆಗೆ; ಅದಕ್ಕೆ 0.67.

ಅಂದು ಸಂಜೆ ಆಕೆ ಪಟ್ಟಿಯನ್ನೂ ಹಾಳೆಗಳ ಕಟ್ಟನ್ನೂ ಮನೆಗೆ ತಂದಳು. ಗಂಡನಿಗೆ ತೂಕದ ಯಂತ್ರ ರಿಪೇರಿಯ ಅಂಗಡಿ. ಅಂಗಡಿಯಲ್ಲಿ ಮುಗಿಯದ ಕೆಲಸ ಊಟದ ಮೇಜಿನ ಮೇಲೆ ಬಂದು ಕೂರುವುದು ಅವರ ಮನೆಯ ಪದ್ಧತಿ. ಆತ ಸ್ಪ್ರಿಂಗೊಂದನ್ನು ಬಟ್ಟೆಯಿಂದ ಒರೆಸುತ್ತಲೇ ಹಾಳೆಗಳ ಮೇಲೆ ಕಣ್ಣಾಡಿಸಿದ.

"ಇದೇನೇ, ಹೆರಿಗೆ ಆಸ್ಪತ್ರೆದು? ಒಂಬತ್ತು ಸಾವಿರ, ಒಂಬತ್ತು ಸಾವಿರ, ಒಂಬತ್ತು ಸಾವಿರ. ಹದಿನಾಲ್ಕು ತಿಂಗಳು ಒಂದೇ ಸಮ."

"ಸೋಮಾರಿಗಳು. ಅದಕ್ಕೇ ಕೊನೇಲಿದಾರೆ."

"ಸೋಮಾರಿ ಆದ್ರೂ ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಮ್ಮಿ ಮಾಡ್ತಾನೆ ಕಣೇ. ಇಷ್ಟು ನೆಟ್ಟಗೆ ಸೋಮಾರಿತನ ಮಾಡೋಕೆ ಎಷ್ಟು ಕಷ್ಟ ಗೊತ್ತಾ?" ಆತ ಸ್ಪ್ರಿಂಗನ್ನು ದೀಪಕ್ಕೆ ಹಿಡಿದು ನೋಡಿದ. "ಮುಳ್ಳು ಸಿಕ್ಕಿಹಾಕ್ಕೊಂಡ್ರೆ ಯಂತ್ರ ಹೀಗೆ ಒಂದೇ ಅಂಕಿ ತೋರಿಸುತ್ತೆ. ಮುಳ್ಳು ಸರಿ ಇದ್ರೆ ಮನುಷ್ಯ ಎಲ್ಲೋ ಸಿಕ್ಕಿಹಾಕ್ಕೊಂಡಿದಾನೆ ಅಂತ ಅರ್ಥ."

ಆ ಮಾತು ಆಕೆಯ ತಲೆಯೊಳಗೆ ಹೊಕ್ಕು ಹೊರಬರಲಿಲ್ಲ. ಮರುದಿನ ಕಚೇರಿಯ ಹಳೆಯ ಕಡತಗಳಿಂದ ಅದಕ್ಕೂ ಹಿಂದಿನ ವರ್ಷಗಳ ಹಾಳೆಗಳನ್ನು ತೆಗೆಸಿ ನೋಡಿದಳು. ಆರು ವರ್ಷದ ಹಿಂದೆ ಅದೇ ಲಾಂಡ್ರಿಯ ಅಂಕಿಗಳು ಮೇಲೆ ಕೆಳಗೆ ಜೀವಂತವಾಗಿದ್ದವು. ಆಮೇಲೆ ನಿಧಾನಕ್ಕೆ ಮಲಗಿದ್ದವು. ಅದರ ಮರುದಿನ ಆಕೆ ಕಚೇರಿಗೆ ಹೋಗದೆ ನೇರವಾಗಿ ಹೆರಿಗೆ ಆಸ್ಪತ್ರೆಗೆ ಹೋದಳು. ಗಂಡನೂ ಒಂದು ಒಳ್ಳೆಯ ತೂಕದ ಯಂತ್ರವನ್ನು ಹೆಗಲಿಗೇರಿಸಿಕೊಂಡು ಜೊತೆಗೆ ಹೊರಟ. "ಅಂಗಡಿ?" ಎಂದದ್ದಕ್ಕೆ, "ಅಂಗಡಿ ಎಲ್ಲಿಗೂ ಓಡಿಹೋಗಲ್ಲ" ಎಂದ.

ಲಾಂಡ್ರಿ ಆಸ್ಪತ್ರೆಯ ಹಿಂಬದಿಯಲ್ಲಿ, ಎತ್ತರದ ಕಿಟಕಿಗಳ ಒಂದು ಉದ್ದನೆಯ ಕೋಣೆ. ಒಳಗೆ ಹೋಗುತ್ತಿದ್ದಂತೆ ಕನ್ನಡಕಕ್ಕೆ ಹಬೆ ಕವಿಯಿತು. ಮೂರು ಒಗೆಯುವ ಯಂತ್ರಗಳು ಗುಡುಗುಡು ಎನ್ನುತ್ತಿದ್ದವು. ಮೂಲೆಯಲ್ಲಿ ಅಜ್ಜನ ಕಾಲದ ಬಾಯ್ಲರ್ ಆಗಾಗ ನಿಟ್ಟುಸಿರು ಬಿಡುತ್ತಿತ್ತು. ಕೆಲಸದವರು ಎಂಟು ಜನ. ಅವರ ಮೇಲ್ವಿಚಾರಕ ಐವತ್ತೈದರ ಆಸುಪಾಸಿನ, ದಪ್ಪ ಮೀಸೆಯ ಮನುಷ್ಯ. ರಿಜಿಸ್ಟರನ್ನು ಕಂಕುಳಲ್ಲಿ ಅವುಚಿಕೊಂಡೇ ಓಡಾಡುತ್ತಿದ್ದ.

"ದಿನಕ್ಕೆ ಎಷ್ಟು ಬಟ್ಟೆ ಬರುತ್ತೆ?" ಎಂದು ಆಕೆ ಕೇಳಿದಳು.

"ಸುಮಾರು ಬರುತ್ತೆ ಮೇಡಂ."

"ಸುಮಾರು ಅಂದ್ರೆ?"

"ಸುಮಾರಾಗಿ."

"ತಿಂಗಳಿಗೆ?"

"ಸುಮಾರು ಒಂಬತ್ತು ಸಾವಿರ."

ಚಾದರ ಮಡಿಸುತ್ತಿದ್ದ ಹೆಂಗಸರು ಮುಖ ತಿರುಗಿಸಿ ನಕ್ಕರು. ಆಸ್ಪತ್ರೆಯಲ್ಲಿ ಆತನಿಗೆ ಸುಮಾರಣ್ಣ ಎಂದೇ ಹೆಸರು. ಅಡ್ಡಹೆಸರಿನ ಇಬ್ಬರು ಹೀಗೆ ಎದುರುಬದುರಾದದ್ದು ಅಲ್ಲಿನವರಿಗೆ ಪುಕ್ಕಟೆ ಮನರಂಜನೆ.

ದಶಾಂಶ ಮೇಡಂ ವಾದ ಮಾಡಲಿಲ್ಲ. ಬಾಗಿಲ ಬಳಿ ಗಂಡನ ಯಂತ್ರವನ್ನಿಡಿಸಿ, ಸಂಜೆಯವರೆಗೂ ಕುರ್ಚಿ ಹಾಕಿ ಕೂತಳು. ಒಳಗೆ ಬಂದ ಪ್ರತಿ ಗಂಟೂ ಅದರ ಮೇಲೆ ಹತ್ತಿ ಇಳಿಯಿತು. ದಿನದ ಒಟ್ಟು ನಾನೂರ ಐವತ್ತೆರಡು ಕಿಲೋ. ಮರುದಿನವೂ ಬಂದಳು, ಅದರ ಮರುದಿನವೂ. ನಾಲ್ಕು ದಿನದಲ್ಲಿ ಒಂದು ದಿನವೂ ನಾನೂರ ಮೂವತ್ತಕ್ಕಿಂತ ಕಡಿಮೆ ಬರಲಿಲ್ಲ, ನಾನೂರ ಎಪ್ಪತ್ತು ದಾಟಲಿಲ್ಲ. ಇಪ್ಪತ್ತಾರು ದಿನದ ತಿಂಗಳಿಗೆ ಗುಣಿಸಿದರೆ ಹನ್ನೊಂದು, ಹನ್ನೆರಡು ಸಾವಿರದ ಲೆಕ್ಕ. ರಿಜಿಸ್ಟರಿನಲ್ಲಿ ಮಾತ್ರ ಒಂಬತ್ತು.

ಹೆಚ್ಚು ಬರೆದು ಹೊಗಳಿಸಿಕೊಳ್ಳುವವರನ್ನು ಆಕೆ ಕಂಡಿದ್ದಳು. ದುಡಿದದ್ದನ್ನು ಬಚ್ಚಿಟ್ಟು ಬೈಸಿಕೊಳ್ಳುವವನನ್ನು ಕಂಡದ್ದು ಇದೇ ಮೊದಲು.

ಉತ್ತರ ಸಿಕ್ಕಿದ್ದು ನಾಲ್ಕನೆಯ ಮಧ್ಯಾಹ್ನ, ಹೊಲಿಗೆ ಯಂತ್ರದ ಬಳಿ. ಹರಿದ ಚಾದರಗಳಿಗೆ ತೇಪೆ ಹಾಕುವ ಹಿರಿಯ ಹೆಂಗಸು ಸುಮಾರಣ್ಣನ ಸ್ವಂತ ಅಕ್ಕ. ಲಾಂಡ್ರಿಗೆ ತಮ್ಮನಿಗಿಂತ ಮೊದಲು ಸೇರಿದವಳು. ಆಕೆ ಚಹಾ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, ಸೂಜಿಗೆ ದಾರ ಪೋಣಿಸುತ್ತ ಹೇಳಿದಳು:

"ಮೊದ್ಲು ಇದ್ದದ್ದು ಇದ್ದ ಹಾಗೇ ಬರೀತಿದ್ದ ನಮ್ಮ ತಮ್ಮ. ಒಂದು ವರ್ಷ ಚೆನ್ನಾಗಾಯ್ತು. ಭೇಷ್ ಅಂದ್ರು ನಿಮ್ಮೋರು, ಮುಂದಿನ ವರ್ಷ ಐದರಲ್ಲೊಂದು ಪಾಲು ಜಾಸ್ತಿ ಮಾಡಿ ಅಂದ್ರು. ಬಿದ್ದೂ ಎದ್ದೂ ಅದನ್ನೂ ಮಾಡಿದ್ವಿ. ಮಾಡಿದ್ರಲ್ಲಾ, ಹಾಗಾದ್ರೆ ಇನ್ನೂ ಐದರಲ್ಲೊಂದು ಪಾಲು ಅಂದ್ರು. ಅದೇ ಎಂಟು ಜನ, ಅದೇ ಬಾಯ್ಲರು."

ಅಕ್ಕ ತನ್ನ ಎಡ ತೋಳನ್ನು ಮೊಣಕೈವರೆಗೆ ಸರಿಸಿದಳು. ಚರ್ಮ ಮಡಿಕೆ ಬಿದ್ದು ನುಣುಪಾಗಿತ್ತು, ಬೇರೆಯದೇ ಬಣ್ಣ.

"ಆತುರದಲ್ಲಿ ಯಂತ್ರ ಪೂರ್ತಿ ನಿಲ್ಲೋಕೆ ಮುಂಚೆ ಬಾಗಿಲು ತೆಗೆದೆ. ಕುದಿಯೋ ನೀರು. ಎರಡು ತಿಂಗಳು ಇದೇ ಆಸ್ಪತ್ರೇಲಿ ಮಲಗಿದ್ದೆ, ನಾವೇ ಒಗೆದ ಚಾದರದ ಮೇಲೆ. ಅವತ್ತಿಂದ ಅವನು ಕಮ್ಮಿ ಬರೆಯೋಕೆ ಶುರು ಮಾಡಿದ. ಯಾರಿಗೂ ರಿಜಿಸ್ಟರ್ ಮುಟ್ಟೋಕೆ ಬಿಡಲ್ಲ. ಒಂದು ದಿನ ರಜೆ ಹಾಕಲ್ಲ. ಬೈಯೋಕೆ ನೋಡ್ತೀನಿ, ಬಾಯಿ ಬರಲ್ಲ."

ದಶಾಂಶ ಮೇಡಂ ಚಹಾ ಲೋಟವನ್ನು ಕೈಯಲ್ಲೇ ಹಿಡಿದು ಕೂತಳು. ಐದರಲ್ಲೊಂದು ಪಾಲು ಹೆಚ್ಚಿಸಿ ಎಂಬ ಆ ಎರಡು ಪತ್ರಗಳ ಕರಡು ಯಾರ ಮೇಜಿನಿಂದ ಹೋಗಿತ್ತೆಂದು ಆಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಬಿಂದುವಿನ ಮುಂದಿನ ಎರಡು ಅಂಕಿಗಳ ಸಮೇತ ಆಕೆಗೆ ನೆನಪಿತ್ತು.

"ಆ ಪತ್ರ ಬರೆದೋಳು ನಾನೇ," ಎಂದಳು.

ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. "ಇರಬಹುದು. ನೀವು ಕೂತಲ್ಲಿಗೆ ಇಲ್ಲಿನ ಹಬೆ ಬರಲ್ಲವಲ್ಲ. ಚಹಾ ಆರಿಹೋಗ್ತಿದೆ, ಕುಡೀರಿ."

ಮನೆಗೆ ಹೋಗುವ ದಾರಿಯಲ್ಲಿ ಆಕೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ಆತ ಯಂತ್ರವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ.

"ಒಂದು ಲಾಂಡ್ರಿ ಅಂಕಿ ಹೀಗಾದ್ರೆ, ಮಿಕ್ಕ ಆರರದ್ದು ಹೇಗೋ? ಒಂದು ಕೆಲಸ ಮಾಡು. ಒಂದೇ ಗಂಟನ್ನ ಏಳು ಕಡೇನೂ ತೂಗಿಸು."

ಶುಕ್ರವಾರ ಆಕೆ ಹಾಗೆಯೇ ಮಾಡಿದಳು. ನಲವತ್ತು ಒಣ ಚಾದರ, ಇಪ್ಪತ್ತು ದಿಂಬಿನ ಚೀಲ ಸೇರಿಸಿ ಗಂಡ ತನ್ನ ಯಂತ್ರದ ಮೇಲೆ ತೂಗಿದ: ಇಪ್ಪತ್ತೆರಡೂವರೆ ಕಿಲೋ, ನೂರು ಗ್ರಾಂ ಆಚೀಚೆ. "ಆಚೀಚೆ ಯಾಕೆ?" ಎಂದು ಆಕೆ ಕೇಳಿದಳು. "ಯಾವ ಯಂತ್ರಕ್ಕೂ ಆಚೀಚೆ ಇದ್ದೇ ಇರುತ್ತೆ. ಇಲ್ಲ ಅನ್ನೋ ಯಂತ್ರನ ನಾನು ಅಂಗಡಿ ಒಳಗೆ ಸೇರಿಸಲ್ಲ," ಎಂದ ಆತ. ಇಲಾಖೆಯ ವ್ಯಾನಿನಲ್ಲಿ ಗಂಟು ಊರು ಸುತ್ತಿತು. ಪ್ರತಿ ಲಾಂಡ್ರಿಯಲ್ಲೂ ಆಕೆ ಹೇಳಿದ್ದು ಒಂದೇ ಮಾತು: "ದಿನಾ ಹೇಗೆ ಬರೀತೀರೋ ಹಾಗೆ ಬರೀರಿ."

ಒಂದು ಕಡೆ ಇಪ್ಪತ್ತೆರಡು ಎಂದರು, ಇನ್ನೊಂದು ಕಡೆ ಇಪ್ಪತ್ತಮೂರು. ಮೂರನೆಯ ಕಡೆಯ ಯಂತ್ರ ಖಾಲಿಯಿದ್ದಾಗಲೇ ಮೂರು ಕಿಲೋ ತೋರಿಸುತ್ತಿತ್ತು, ಅಲ್ಲಿ ಇಪ್ಪತ್ತೈದೂವರೆ. ನಾಲ್ಕನೆಯ ಕಡೆ ತೂಗುವ ರೂಢಿಯೇ ಇರಲಿಲ್ಲ. ಕಣ್ಣಳತೆಯಲ್ಲೇ ಎರಡು ಮೂಟೆಯೆಂದು ತೀರ್ಮಾನಿಸಿ, ಮೂಟೆಗೆ ಹನ್ನೆರಡರಂತೆ ಇಪ್ಪತ್ನಾಲ್ಕು ಬರೆದರು. ಮೊದಲ ಸ್ಥಾನದ ದೊಡ್ಡಾಸ್ಪತ್ರೆಯಲ್ಲಿ ಗಂಟನ್ನು ಟ್ರಾಲಿಯ ಮೇಲಿಟ್ಟು, ಟ್ರಾಲಿಯನ್ನೇ ನೆಲದ ತೂಕದ ಯಂತ್ರಕ್ಕೆ ತಳ್ಳಿ, ಅರವತ್ತು ಎಂದು ಬರೆದರು.

"ಟ್ರಾಲಿ ತೂಕ ಕಳೆಯಲ್ವಾ?"

"ಕಳೀಬೇಕಾ ಮೇಡಂ? ಬೆಳಗಿನ ಪಾಳಿಯೋರು ಕಳೀತಾರೆ ಅಂತ ಕಾಣುತ್ತೆ," ಎಂದ ಅಲ್ಲಿಯವನು ಪ್ರಾಮಾಣಿಕವಾಗಿ.

ಹೆರಿಗೆ ಆಸ್ಪತ್ರೆಯಲ್ಲಿ ಸುಮಾರಣ್ಣ ಪೆನ್ನಿನ ಮುಚ್ಚಳ ತೆಗೆದು ಆಕೆಯತ್ತ ತಿರುಗಿದ. "ನಿಜವಾಗ್ಲೂ ದಿನಾ ಬರೆಯೋ ಹಾಗೆ ಬರೀಲಾ?" ಎಂದ. ಆಕೆ ತಲೆಯಾಡಿಸಿದಳು. ಆತ ಹದಿನೇಳು ಎಂದು ಬರೆದು, ಆಕೆಯ ಮುಖ ನೋಡದೆ ರಿಜಿಸ್ಟರ್ ಮುಚ್ಚಿದ.

ಕೊನೆಗೆ ಕಣ್ಣಿನ ಆಸ್ಪತ್ರೆ. ಅಲ್ಲಿ ಒಗೆದ ಮೇಲೆ ತೂಗುತ್ತಾರೆಂದು ಗೊತ್ತಾಗಿದ್ದರಿಂದ ಗಂಟನ್ನು ಅಲ್ಲಿಗೆ ಕಡೆಯಲ್ಲಿ ಒಯ್ದಿದ್ದಳು. ಒದ್ದೆ ಗಂಟು ಮೂವತ್ತಮೂರು ಕಿಲೋ ತೂಗಿತು.

"ಒದ್ದೇಲಿ ಯಾಕೆ ತೂಗ್ತೀರಿ?" ಎಂದು ಕೇಳಿದಾಗ ಅಲ್ಲಿನ ಮೇಲ್ವಿಚಾರಕಿ ಆಕೆಯನ್ನು ತಾರಸಿಗೆ ಕರೆದೊಯ್ದಳು. ತಾರಸಿಯ ತುಂಬ ಹಗ್ಗ, ಹಗ್ಗದ ತುಂಬ ಚಾದರ. ನಾಲ್ಕು ಜನ ಹೆಂಗಸರು ಬಿಸಿಲಿನಲ್ಲಿ ಬಟ್ಟೆ ತಿರುವಿಹಾಕುತ್ತಿದ್ದರು.

"ಒಣಗಿಸೋ ಮಷೀನ್ ಕೆಟ್ಟು ಒಂದೂಕಾಲು ವರ್ಷ ಆಯ್ತು. ಒದ್ದೆ ಬಟ್ಟೆ ಮೇಲಕ್ಕೆ ಹೊರೋಕೆ ಮುಂಚೆ ತೂಗಿ ಬಿಡ್ತೀವಿ, ಇಲ್ಲಾಂದ್ರೆ ಇಲ್ಲಿಂದ ಯಾವುದು ಯಾವಾಗ ಇಳಿಯುತ್ತೆ ಅಂತ ಲೆಕ್ಕ ಸಿಗಲ್ಲ. ರಿಪೇರಿಗೆ ಬರೆದು ಹಾಕಿದ್ವಿ. ಅಂಕಿ ಎಲ್ಲಾ ಚೆನ್ನಾಗಿದೆಯಲ್ಲಾ, ಏನು ತೊಂದರೆ ಅಂತ ಉತ್ತರ ಬಂತು."

ಪಟ್ಟಿಯಲ್ಲಿ ಮೂರನೆಯದಾಗಿ ಮಿಂಚುತ್ತಿದ್ದ ಲಾಂಡ್ರಿ ನೀರಿನ ಭಾರದಿಂದ ಮೇಲೆ ಬಂದಿತ್ತು. ನಿಜವಾಗಿ ಕೈಹಿಡಿದು ಎತ್ತಬೇಕಾದದ್ದು ಅದನ್ನೇ.

ಶನಿವಾರ, ಭಾನುವಾರ ಆಕೆ ಪಟ್ಟಿಯನ್ನು ಹೊಸದಾಗಿ ಮಾಡಿದಳು. ಈ ಸಲ ಪ್ರತಿ ಲಾಂಡ್ರಿಯ ಮುಂದೆ ಎರಡು ಅಂಕಿ. ಅನುಮಾನವಿದ್ದಲ್ಲೆಲ್ಲ ಅವರಿಗೆ ವಿರುದ್ಧವಾಗಿ ಲೆಕ್ಕ ಹಿಡಿದರೆ ಎಷ್ಟಾಗುತ್ತದೆ ಎಂಬುದೊಂದು; ಅವರ ಪರವಾಗಿ ಹಿಡಿದರೆ ಎಷ್ಟಾಗುತ್ತದೆ ಎಂಬುದೊಂದು. ನಿಜ ಆ ಎರಡರ ನಡುವೆ ಎಲ್ಲೋ ಇರುತ್ತದೆ. ಎರಡು ಲಾಂಡ್ರಿಗಳು ಎಷ್ಟೇ ಕಟುವಾಗಿ ಲೆಕ್ಕ ಹಾಕಿದರೂ ಚೆನ್ನಾಗಿಯೇ ಇದ್ದವು. ಅವುಗಳಲ್ಲಿ ಹೆರಿಗೆ ಆಸ್ಪತ್ರೆಯದೂ ಒಂದು. ಕಣ್ಣಿನ ಆಸ್ಪತ್ರೆಯದು ಎಷ್ಟೇ ಧಾರಾಳವಾಗಿ ನೋಡಿದರೂ ಹಿಂದೆಯೇ ಇತ್ತು. ನಡುವಿನ ನಾಲ್ಕನ್ನು ಸಾಲಾಗಿ ನಿಲ್ಲಿಸುವಂತಿರಲಿಲ್ಲ. ಒಂದರ ವ್ಯಾಪ್ತಿ ಇನ್ನೊಂದರ ಮೇಲೆ ಹಾಯುತ್ತಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವುದು ಆಕೆಗೆ ರೂಢಿಯಿರಲಿಲ್ಲ. ಬರೆದ ಮೇಲೆ, ಬಿಗಿ ಚಪ್ಪಲಿ ಕಳಚಿಟ್ಟಷ್ಟು ಹಾಯೆನಿಸಿತು.

ಸೋಮವಾರ ನಿರ್ದೇಶಕರು ಪಟ್ಟಿ ನೋಡಿ ಕನ್ನಡಕ ತೆಗೆದರು.

"ಇದೇನು ಮೇಡಂ? ನಿಮ್ಮ ಹತ್ರ ಒಂದು ನಂಬರ್ ಕೇಳಿದ್ರೆ ಎರಡು ಕೊಟ್ಟಿದ್ದೀರಿ."

ಆಕೆ ಇನ್ನೊಂದು ಹಾಳೆ ಮುಂದಿಟ್ಟಳು. ಒಂದೇ ಗಂಟಿನ ಏಳು ತೂಕಗಳು, ಏಳು ಸಹಿಗಳ ಸಮೇತ: ಹದಿನೇಳರಿಂದ ಅರವತ್ತರವರೆಗೆ.

ನಿರ್ದೇಶಕರು ಅದನ್ನು ಎರಡು ಸಲ ಓದಿದರು. ಮೊದಲು ಅವರ ಹುಬ್ಬು ಗಂಟಿಕ್ಕಿತು. ಆಮೇಲೆ ಭುಜ ಕುಲುಕಿತು. ಅವರು ನಗುತ್ತಿದ್ದರು.

"ಅರವತ್ತು ಕಿಲೋದೋರನ್ನ ಮಾದರಿ ಮಾಡೋಕೆ ಹೊರಟಿದ್ನಲ್ರೀ ನಾನು."

"ನಾನೇ ಮಾಡಿಕೊಟ್ಟಿದ್ದು ಸರ್."

"ಹದಿನೇಳು ಬರೆದೋನು?"

ಆಕೆ ಎಲ್ಲವನ್ನೂ ಹೇಳಿದಳು. ತನ್ನ ಎರಡು ಪತ್ರಗಳನ್ನೂ ಬಿಡದೆ. ನಿರ್ದೇಶಕರ ನಗು ನಿಂತಿತು. ತಿಳಿದೂ ತಪ್ಪು ಬರೆದದ್ದಕ್ಕೆ ಆತ ವಿವರಣೆ ಕೊಡಲೇಬೇಕು ಎಂದರು. ಆಕೆ ಅದಕ್ಕೆ ಅಡ್ಡ ಹೇಳಲಿಲ್ಲ. ತಾನು ಕೇಳಬೇಕಾದದ್ದನ್ನು ಕೇಳಿದಳು: ಏಳೂ ಕಡೆ ಒಂದೇ ಬಗೆಯ ಯಂತ್ರ, ಒಣ ಬಟ್ಟೆಯ ತೂಕ ಮಾತ್ರ. ಗುರಿ ಒಂದು ಅಂಕಿಯಲ್ಲ, ಇಷ್ಟರಿಂದ ಇಷ್ಟು. ಅದನ್ನು ಗೊತ್ತುಮಾಡುವುದು ಅಷ್ಟೇ ಜನ, ಅಂಥದೇ ಯಂತ್ರವಿರುವ ಲಾಂಡ್ರಿಯನ್ನು ನೋಡಿ. ಹೋದ ವರ್ಷ ಅವರೇ ಎಷ್ಟು ಮಾಡಿದರೆಂದು ನೋಡಿ ಅಲ್ಲ. ಒಮ್ಮೆ ಗೊತ್ತುಮಾಡಿದರೆ ಮೂರು ವರ್ಷ ಮುಟ್ಟುವಂತಿಲ್ಲ.

"ಮೂರು ವರ್ಷ ಯಾಕೆ?"

"ಚೆನ್ನಾಗಿ ಕೆಲಸ ಮಾಡಿದೋರಿಗೆ ಮಾರನೇ ವರ್ಷವೇ ಅದೇ ಶಿಕ್ಷೆ ಆದ್ರೆ ಯಾರು ಸರ್ ನಿಜ ಬರೀತಾರೆ?"

ನಿರ್ದೇಶಕರು ಪೆನ್ನು ಕೈಗೆತ್ತಿಕೊಂಡರು. "ಎರಡು ವರ್ಷ," ಎಂದರು. "ಮುಚ್ಚೋ ವಿಷಯ ಸದ್ಯಕ್ಕೆ ಬಿಡಿ. ಆ ಒಣಗಿಸೋ ಮಷೀನ್ ಕಾಗದ ಎಲ್ಲಿದೆ, ಹುಡುಕಿಸಿ."

ಆ ಸಂಜೆ ದಶಾಂಶ ಮೇಡಂ ಹೆರಿಗೆ ಆಸ್ಪತ್ರೆಗೆ ಹೋದಳು. ಸುಮಾರಣ್ಣ ಎಲ್ಲವನ್ನೂ ಕೇಳಿಸಿಕೊಂಡು, ರಿಜಿಸ್ಟರನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡ.

"ಬಾಯಿ ಮಾತಲ್ಲಿ ಎಲ್ಲಾರೂ ಹೇಳ್ತಾರೆ ಮೇಡಂ. ಬರೆದು ಕೊಡ್ತೀರಾ?"

ಆಕೆ ಚೀಲದಿಂದ ನಿರ್ದೇಶಕರ ಸಹಿಯಿದ್ದ ಆದೇಶ ತೆಗೆದು ಕೊಟ್ಟಳು. ಆತ ನಿಂತಲ್ಲೇ ಓದಿದ. ಓದಿ ಮುಗಿಸಿ ಅಕ್ಕನಿಗೆ ಕೊಟ್ಟ. ಅಕ್ಕ ಕಾಗದವನ್ನು ದೂರ ಹಿಡಿದು, ತುಟಿಯಾಡಿಸುತ್ತ ಓದಿದಳು.

"ಎರಡು ವರ್ಷ ಅಂತಿದೆ," ಎಂದಳು. "ಅಷ್ಟರಲ್ಲಿ ನಾನು ನಿವೃತ್ತಿ ಆಗ್ತೀನಿ. ಬರೆಯೋ ಮಾರಾಯ, ನಿನ್ನ ಹೆದರಿಕೆ ಸಾಕು."

"ವಿವರಣೆ ಬೇರೆ ಬರೀಬೇಕು," ಎಂದಳು ದಶಾಂಶ ಮೇಡಂ ಮೆಲ್ಲಗೆ.

ಸುಮಾರಣ್ಣ ಮೇಜಿಗೆ ಹೋಗಿ ಕೂತ. ಹತ್ತು ನಿಮಿಷ ಪೆನ್ನಿನ ತುದಿ ಕಚ್ಚಿದ. ಕೊನೆಗೆ ಬರೆದದ್ದು ಎರಡೇ ಸಾಲು: "ಅಕ್ಕನ ಕೈ ಸುಟ್ಟ ಮೇಲೆ ಕಡಿಮೆ ಬರೆಯಲು ಆರಂಭಿಸಿದೆ. ಇನ್ನು ಮುಂದೆ ಬಂದಷ್ಟನ್ನೇ ಬರೆಯುತ್ತೇನೆ." ಆ ಕಾಗದ ನಿರ್ದೇಶಕರ ಬಳಿಗೆ ಹೋಯಿತು. ಅವರು ಅದರ ಮೇಲೆ ಏನನ್ನೂ ಬರೆಯದೆ ಕಡತಕ್ಕೆ ಸೇರಿಸಿದರು.

ಕೆಲಸಗಳು ಒಂದೊಂದಾಗಿ ಆದವು. ಕಣ್ಣಿನ ಆಸ್ಪತ್ರೆಯ ಒಣಗಿಸುವ ಯಂತ್ರಕ್ಕೆ ಬೇಕಿದ್ದದ್ದು ಒಂದು ಬೆಲ್ಟು, ಒಂದು ಮೋಟಾರು. ತಾರಸಿಯಿಂದ ಇಳಿದು ಬಂದ ನಾಲ್ವರು ಹೆಂಗಸರು ಮೊದಲ ವಾರವೆಲ್ಲ ನೆರಳಲ್ಲಿ ಕೆಲಸ ಮಾಡುವ ಸುಖವನ್ನೇ ಮಾತಾಡಿಕೊಂಡರು. ದೊಡ್ಡಾಸ್ಪತ್ರೆಯವರು ಪ್ರತಿ ಟ್ರಾಲಿಯ ಪಕ್ಕೆಗೂ ಅದರ ಖಾಲಿ ತೂಕವನ್ನು ಕೆಂಪು ಬಣ್ಣದಲ್ಲಿ ಬರೆಸಿದರು. ಅವರ ಅಂಕಿ ದಢಕ್ಕನೆ ಇಳಿಯಿತು. ಅವರಿಗೆ ಒಂದಿಷ್ಟು ಮುಖಭಂಗವಾಯಿತಾದರೂ ಗುರಿಯ ವ್ಯಾಪ್ತಿಯೊಳಗೇ ಉಳಿದುಕೊಂಡರು. ಮೂಟೆಗೆ ಹನ್ನೆರಡು ಎನ್ನುತ್ತಿದ್ದವರು ಮಾತ್ರ ಹೊಸ ಯಂತ್ರದ ಮೇಲೆ ಎರಡು ತಿಂಗಳು ಚಹಾ ಲೋಟಗಳನ್ನಿಟ್ಟುಕೊಂಡಿದ್ದರು. ದಶಾಂಶ ಮೇಡಂ ಮೂರು ಸಲ ಹೋಗಿ ಬರಬೇಕಾಯಿತು.

ಹೆರಿಗೆ ಆಸ್ಪತ್ರೆಯಿಂದ ಮೊದಲ ತಿಂಗಳ ಹಾಳೆಯಲ್ಲಿ ಹನ್ನೊಂದು ಸಾವಿರದ ಎಂಟುನೂರ ಎಪ್ಪತ್ತು ಎಂದು ಬಂತು. ಎರಡನೆಯ ತಿಂಗಳು ಹನ್ನೊಂದು ಸಾವಿರದ ಆರುನೂರ ನಲವತ್ತು. ಅಂಕಿಗಳು ಮತ್ತೆ ಉಸಿರಾಡತೊಡಗಿದ್ದವು.

ಐದನೆಯ ತಿಂಗಳ ಹಾಳೆ ಬಂದಾಗ ಅಕ್ಷರ ಬೇರೆಯಿತ್ತು. ದಪ್ಪ, ಬಿಡಿಬಿಡಿ, ಹೊಲಿಗೆಯ ಟಾಕಿನಂತೆ ಸಮನಾದ ಅಕ್ಷರ. ಕೆಳಗೆ ಅಕ್ಕನ ಸಹಿ. ಒಟ್ಟು ತೂಕ ಹಿಂದಿನ ತಿಂಗಳಿಗಿಂತ ಏಳುನೂರು ಕಿಲೋ ಕಡಿಮೆ. ಷರಾ ಎಂಬ ಖಾನೆಯನ್ನು ಆ ಲಾಂಡ್ರಿಯಲ್ಲಿ ವರ್ಷಗಳಿಂದ ಯಾರೂ ತುಂಬಿದ್ದಿಲ್ಲ. ಅಲ್ಲಿ ಹೀಗೆ ಬರೆದಿತ್ತು: "ಬಾಯ್ಲರ್ ಎರಡು ದಿನ ಕೆಟ್ಟಿತ್ತು, ಅದಕ್ಕೆ ಕಮ್ಮಿ. ಸೂಪರ್ವೈಸರ್ ಹನ್ನೆರಡು ದಿನ ರಜೆ, ಮಗಳ ಮನೆಗೆ, ಮೊಮ್ಮಗುವನ್ನು ನೋಡಲು. ಬೇಗ ಬರುವುದು ಬೇಡವೆಂದು ನಾನೇ ಹೇಳಿ ಕಳಿಸಿದ್ದೇನೆ."

ದಶಾಂಶ ಮೇಡಂ ಅಂಕಿಯನ್ನು ಇದ್ದ ಹಾಗೇ ಪಟ್ಟಿಗೆ ಏರಿಸಿದಳು. ಬಾಯ್ಲರಿನ ವಿಷಯಕ್ಕೆ ಒಂದು ಕಾಗದ ಬರೆದು ನಿರ್ದೇಶಕರ ಮೇಜಿಗೆ ಕಳಿಸಿ, ಊಟದ ಡಬ್ಬಿ ತೆಗೆದುಕೊಂಡು ಕ್ಯಾಂಟೀನಿನ ಕಡೆ ನಡೆದಳು.